ಹಳೆಯ ಮಿನಿ, ಹೊಸ ಮಿನಿ: ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾಗಿದೆ

ಎರಡು ಕೀಲಿಕೈ:

ನನ್ನ ಬಳಿ ಒಂದೇ ಹೆಸರಿನ ಎರಡು ಕಾರುಗಳಿವೆ. ಒಂದು 1978ರ ಮಿನಿ 1000, ಇನ್ನೊಂದು 2003ರ ಮಿನಿ ಕೂಪರ್. ಇಷ್ಟು ದಿನ ಎರಡೂ ಅಕ್ಕಪಕ್ಕದಲ್ಲಿ ನಿಲ್ಲುತ್ತಿದ್ದವು. ಇನ್ನು ಮುಂದೆ ಒಂದಕ್ಕಷ್ಟೇ ಜಾಗವಿರುವುದರಿಂದ ಯಾವುದಾದರೊಂದನ್ನು ಬಿಟ್ಟುಕೊಡಲೇಬೇಕು. ನಾಲ್ಕು ವರ್ಷ ಎರಡನ್ನೂ ಓಡಿಸಿದ ಮೇಲೂ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಲು ನನ್ನಿಂದ ಆಗುತ್ತಿಲ್ಲವಾದ್ದರಿಂದ ಬಲ್ಲವರ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಸ್ಪಷ್ಟನೆ. ಈಗಿನ ತಯಾರಕರು ಹೊಸ ಕಾರಿನ ಹೆಸರನ್ನು ಇಂಗ್ಲಿಷಿನಲ್ಲಿ ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದು ಹಳೆಯದರಿಂದ ಬೇರೆ ಮಾಡುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲದಿರುವುದರಿಂದ ನಾನು ಸುಮ್ಮನೆ ‘ಹಳೆಯದು’, ‘ಹೊಸದು’ ಎಂದು ಬರೆಯುತ್ತೇನೆ. ಎರಡು ದಶಕ ದಾಟಿದ ಕಾರನ್ನು ಹೊಸದು ಎನ್ನುವುದು ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ.

ಮೊನ್ನೆ ಟೇಪು ಹಿಡಿದು ಎರಡನ್ನೂ ಅಳೆದೆ. ಹಳೆಯದರ ಉದ್ದ 3.05 ಮೀಟರ್, ಅಗಲ 1.41 ಮೀಟರ್. ಹೊಸದರ ಉದ್ದ 3.63, ಅಗಲ 1.69. ಅಂದರೆ ಹಳೆಯದು 4.3 ಚದರ ಮೀಟರ್ ನೆಲದಲ್ಲಿ ನಿಂತರೆ ಹೊಸದಕ್ಕೆ 6.1 ಚದರ ಮೀಟರ್ ಬೇಕು. ಆದರೆ ನನ್ನ ಅಳತೆಗೆ ಮುಂದಿನ ಸೀಟನ್ನು ಸರಿಸಿಕೊಂಡು, ಎರಡರಲ್ಲೂ ಹಿಂದೆ ಹೋಗಿ ಕುಳಿತು ನೋಡಿದಾಗ ಮೊಣಕಾಲಿಗೆ ಸಿಕ್ಕ ಲಾಭ ನನ್ನ ಅಂಗೈ ಅಗಲದಷ್ಟೂ ಇರಲಿಲ್ಲ. ಹೆಚ್ಚಾದ ಜಾಗವೆಲ್ಲ ಎಲ್ಲಿಗೆ ಹೋಯಿತು ಎಂಬುದು ನನ್ನ ಮೊದಲ ಪ್ರಶ್ನೆ. ಯಾವುದನ್ನು ಉಳಿಸಿಕೊಳ್ಳಲಿ ಎಂಬುದು ಎರಡನೆಯದು.

ಅಡಿಪಟ್ಟಿ:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಹಳೆಯದು ಏಕೆ ಹುಟ್ಟಿತೆಂಬುದನ್ನು ನೋಡಬೇಕು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತ್ತು. ಜನರು ಗುಳ್ಳೆಯಾಕಾರದ ಪುಟ್ಟ ಜರ್ಮನ್ ಗಾಡಿಗಳತ್ತ ತಿರುಗುತ್ತಿದ್ದರು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್, ಅವುಗಳನ್ನು ರಸ್ತೆಯಿಂದ ಓಡಿಸಬಲ್ಲ ನಿಜವಾದ ಸಣ್ಣ ಕಾರೊಂದು ಬೇಕೆಂದು ಕಾರು ವಿನ್ಯಾಸಕ ಅಲೆಕ್ ಇಸಿಗೊನಿಸ್ ಅವರಿಗೆ ಹೇಳಿದರು. ಇಸಿಗೊನಿಸ್ ಹಾಕಿಕೊಂಡ ಲೆಕ್ಕ ಸರಳವಾಗಿತ್ತು: ಒಟ್ಟು 10 ಅಡಿ ಉದ್ದ, ಅದರಲ್ಲಿ 6 ಅಡಿ ಕುಳಿತುಕೊಳ್ಳುವವರಿಗೆ. ಉಳಿದ 4 ಅಡಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಕ್ಕಿ ಎಲ್ಲವೂ ಅಡಗಬೇಕು.

ಆ ಕಾರಿನಲ್ಲಿ ನಮಗೆ ಇಂದು ಸೊಗಸೆಂದು ಕಾಣುವ ಪ್ರತಿಯೊಂದು ಸಂಗತಿಯೂ ಈ ಜಿಪುಣತನದ ಫಲವೇ. ಎಂಜಿನನ್ನು ಅಡ್ಡಲಾಗಿ ಕೂರಿಸಿದರು. ಪಕ್ಕದಲ್ಲಿ ಗೇರ್‌ಬಾಕ್ಸಿಗೆ ಜಾಗ ಸಾಲದಿದ್ದಾಗ ಅದನ್ನು ಎಂಜಿನ್ನಿನ ಕೆಳಗೆ, ಆಯಿಲ್ ನಿಲ್ಲುವ ಸಂಪಿನೊಳಗೇ ಇಟ್ಟರು. ಚಕ್ರದ ಗೂಡುಗಳು ಒಳಗಿನ ಜಾಗವನ್ನು ತಿನ್ನಬಾರದೆಂದು 10 ಇಂಚಿನ ಚಕ್ರಗಳನ್ನು ಮಾಡಿಸಿದರು. ಸ್ಪ್ರಿಂಗ್ ಸುರುಳಿಗಳು ಎತ್ತರ ಬೇಡುತ್ತವೆಂದು ಅಲೆಕ್ಸ್ ಮೋಲ್ಟನ್ ರೂಪಿಸಿದ ರಬ್ಬರ್ ಶಂಕುಗಳನ್ನು ಹಾಕಿದರು. ಆರಂಭದ ಕಾರುಗಳಲ್ಲಿ ಡಿಕ್ಕಿಯ ಬಾಗಿಲು ಕೆಳಮುಖವಾಗಿ ತೆರೆದುಕೊಂಡು ಹಲಗೆಯಂತೆ ನಿಲ್ಲುತ್ತಿತ್ತು, ಅದರ ಮೇಲೂ ಸಾಮಾನು ಹೇರಬಹುದಿತ್ತು. ಹಾಗೆ ಹೇರಿದಾಗಲೂ ಕಾಣಿಸಲೆಂದು ನಂಬರ್ ಪ್ಲೇಟಿಗೇ ಮೇಲ್ತುದಿಯಲ್ಲಿ ಕೀಲು ಕೊಟ್ಟಿದ್ದರು. 1959ರ ಆಗಸ್ಟ್ 26ರಂದು ಬಿಡುಗಡೆಯಾದ ಮೊದಲ ಕಾರಿನಲ್ಲಿದ್ದದ್ದು 848 ಸಿಸಿ ಎಂಜಿನ್, ಸುಮಾರು 34 ಅಶ್ವಶಕ್ತಿ.

2001ರಲ್ಲಿ ಬಂದ ಹೊಸದಕ್ಕೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆ ಹೊತ್ತಿಗೆ ಮಿನಿಯನ್ನು ತಯಾರಿಸುತ್ತಿದ್ದ ರೋವರ್ ಸಮೂಹವನ್ನು 1994ರಲ್ಲಿ ಕೊಂಡಿದ್ದ ಬಿಎಂಡಬ್ಲ್ಯು 2000ದಲ್ಲಿ ಅದನ್ನು ಕೈಬಿಟ್ಟರೂ ಮಿನಿಯ ಹೆಸರನ್ನು ತನ್ನಲ್ಲೇ ಉಳಿಸಿಕೊಂಡಿತು. ಅವರಿಗೆ ಬೇಕಿದ್ದದ್ದು ಜನ ಇಷ್ಟಪಟ್ಟು ಕೊಳ್ಳುವ, ತುಸು ದುಬಾರಿಯ ಸಣ್ಣ ಕಾರು. ನೀವು ಕೇಳಿದ ಜಾಗ ದಪ್ಪನೆಯ ಬಾಗಿಲುಗಳಿಗೆ, ಅವುಗಳೊಳಗಿನ ಉಕ್ಕಿನ ದೂಲಗಳಿಗೆ, ಏರ್‌ಬ್ಯಾಗ್‌ಗಳಿಗೆ, ಆಳವಾದ ಡ್ಯಾಶ್‌ಬೋರ್ಡಿಗೆ, ಮೆತ್ತನೆಯ ಸೀಟುಗಳಿಗೆ, ಅಪಘಾತದಲ್ಲಿ ನಜ್ಜುಗುಜ್ಜಾಗಲೆಂದೇ ಬಿಟ್ಟಿರುವ ಮೂತಿಗೆ ಹಂಚಿಹೋಗಿದೆ. ಇದನ್ನು ಪೋಲು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಚೋಕ್ ಎಳೆದವನು:

ಅಡಿಪಟ್ಟಿಯವರು ಬಹಳ ಮೃದುವಾಗಿ ಹೇಳಿದ್ದಾರೆ. ನನ್ನ ಮಟ್ಟಿಗೆ ಹೊಸದು ಹಳೆಯದರ ವೇಷ ಹಾಕಿಕೊಂಡ ಬೇರೊಂದು ಕಾರು. ಒಂದೇ ಉದಾಹರಣೆ ಸಾಕು. ಹಳೆಯದರಲ್ಲಿ ಸ್ಪೀಡೋಮೀಟರನ್ನು ಡ್ಯಾಶ್‌ಬೋರ್ಡಿನ ನಡುವೆ ಇಟ್ಟಿದ್ದರು. ಎಡಗಡೆ ಸ್ಟೀರಿಂಗ್ ಇರಲಿ, ಬಲಗಡೆ ಇರಲಿ, ಒಂದೇ ಭಾಗ ಎರಡಕ್ಕೂ ಹೊಂದುತ್ತಿತ್ತು. ಹೊಸದರಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಮೀಟರನ್ನು ಅದೇ ನಡುವಿನಲ್ಲಿ ಇಟ್ಟರು. ಕಾರಣವಿರಲಿಲ್ಲ, ನೆನಪು ಮಾತ್ರ ಇತ್ತು. 2014ರ ಮಾದರಿಯಲ್ಲಿ ಮೀಟರನ್ನು ಸ್ಟೀರಿಂಗಿನ ಹಿಂದಕ್ಕೆ ಸಾಗಿಸಿ, ಖಾಲಿಯಾದ ಆ ವೃತ್ತದೊಳಗೆ ಪರದೆಯೊಂದನ್ನು ತುಂಬಿದರು. ಕೆಲಸಕ್ಕೆಂದು ಹುಟ್ಟಿದ ವಸ್ತು ಮೊದಲು ಅಲಂಕಾರವಾಗಿ, ಆಮೇಲೆ ಬರಿಯ ಚೌಕಟ್ಟಾಗಿ ಉಳಿದ ಕಥೆಯಿದು. ಹಳೆಯದನ್ನು ಬಿಡಬೇಡಿ.

ನಾಲ್ಕನೇ ಗೇರ್:

ಮೀಟರಿನ ವಿಷಯದಲ್ಲಿ ಚೋಕ್ ಎಳೆದವರ ಮಾತನ್ನು ಒಪ್ಪುತ್ತೇನೆ. ಆದರೆ ಅಷ್ಟರಿಂದಲೇ ಹೊಸದನ್ನು ವೇಷಧಾರಿ ಎನ್ನುವುದು ಓಡಿಸಿ ನೋಡದವರ ಮಾತಾಗುತ್ತದೆ. ನಾನು ಎರಡನ್ನೂ ಓಡಿಸಿದ್ದೇನೆ.

ಹಳೆಯದರ ಗುಣವೆಲ್ಲ ಸ್ಟೀರಿಂಗಿನಲ್ಲಿದೆ. ಬಸ್ಸಿನ ಸ್ಟೀರಿಂಗಿನಂತೆ ಮಲಗಿರುವ ಆ ಚಕ್ರಕ್ಕೂ ರಸ್ತೆಗೂ ನಡುವೆ ಯಾವ ಪವರ್ ಸಹಾಯವೂ ಇಲ್ಲ, ರ್‍ಯಾಕ್ ಮತ್ತು ಪಿನಿಯನ್ ಅಷ್ಟೇ. ತಿರುವಿನಲ್ಲಿ ಮುಂದಿನ ಟೈರು ಹಿಡಿತ ಬಿಡುವುದಕ್ಕೆ ಮುಂಚೆಯೇ ಬೆರಳುಗಳಿಗೆ ಸುದ್ದಿ ಮುಟ್ಟುತ್ತದೆ. ಚಕ್ರಗಳು ನಾಲ್ಕು ಮೂಲೆಗಳಿಗೆ ಒತ್ತಿಕೊಂಡಿರುವುದರಿಂದಲೂ, ಗಾಡಿಯ ತೂಕ 640 ಕಿಲೋದ ಆಸುಪಾಸಿನಲ್ಲಿರುವುದರಿಂದಲೂ 40 ಅಶ್ವಶಕ್ತಿ ಕಡಿಮೆಯೆನಿಸುವುದೇ ಇಲ್ಲ. ಇದೇ ಗುಣವನ್ನು ಗುರುತಿಸಿದ ರೇಸ್ ಕಾರು ತಯಾರಕ ಜಾನ್ ಕೂಪರ್ ಅದಕ್ಕೆ ಬಲವಾದ ಎಂಜಿನ್ ಮತ್ತು ಮುಂದಿನ ಡಿಸ್ಕ್ ಬ್ರೇಕ್ ಕೊಡಿಸಿದರು. 1964ರಲ್ಲಿ ಪ್ಯಾಡಿ ಹಾಪ್‌ಕಿರ್ಕ್, 1965ರಲ್ಲಿ ಟಿಮೊ ಮಾಕಿನೆನ್, 1967ರಲ್ಲಿ ರೌನೊ ಆಲ್ಟೊನೆನ್ ಅದರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದರು. 1966ರಲ್ಲಿಯೂ ಮೊದಲ ಮೂರು ಸ್ಥಾನ ಮಿನಿಗಳದೇ ಆಗಿದ್ದವು. ಹೆಡ್‌ಲೈಟು ನಿಯಮಕ್ಕೆ ತಕ್ಕಂತಿಲ್ಲ ಎಂದು ಹೇಳಿ ಅವುಗಳನ್ನು ಅನರ್ಹಗೊಳಿಸಿದರು.

ಇನ್ನು ಅದರ ಇನ್ನೊಂದು ಮುಖ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಹತ್ತಿರ ತಿರುಗುತ್ತಿರುತ್ತದೆ, ಏಕೆಂದರೆ ಐದನೇ ಗೇರ್ ಎಂಬುದೇ ಇಲ್ಲ. ಎಂಜಿನ್ನಿನಿಂದ ಕೆಳಗಿನ ಗೇರ್‌ಬಾಕ್ಸಿಗೆ ಬಲ ಇಳಿಸುವ ನಡುವಿನ ಗೇರ್‌ಗಳು ಒಂದೇ ಸಮ ಕೊರೆಯುವ ದನಿ ಹೊರಡಿಸುತ್ತವೆ. ರೇಡಿಯೇಟರನ್ನು ಪಕ್ಕಕ್ಕೆ ಕೂರಿಸಿರುವುದರಿಂದ ಫ್ಯಾನು ಗಾಳಿಯನ್ನು ಚಕ್ರದ ಗೂಡಿನತ್ತ ನೂಕುತ್ತ ತನ್ನದೇ ಗದ್ದಲ ಸೇರಿಸುತ್ತದೆ. ಅಲೆಯಲೆಯಾದ ರಸ್ತೆಯಲ್ಲಿ ಗಿಡ್ಡ ಗಾಡಿ ತೊಟ್ಟಿಲಂತೆ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಅರ್ಧ ತಾಸಿನ ಓಟಕ್ಕೆ ಇದೆಲ್ಲ ಮಜವೇ; ಮೂರು ತಾಸು ಓಡಿಸಿ ಇಳಿದರೆ ಎದುರಿಗಿರುವವರೊಡನೆ ಕೂಗಿ ಮಾತನಾಡುತ್ತಿರುತ್ತೇವೆ.

ಹೊಸದರ ತೂಕ ಸುಮಾರು 1,100 ಕಿಲೋ, ಶಕ್ತಿ 115. ಅದರ ಹಿಂದಿನ ಸಸ್ಪೆನ್ಷನ್ ಅನೇಕ ತೋಳುಗಳುಳ್ಳದ್ದು. ಆ ದರ್ಜೆಯ ಬಹಳಷ್ಟು ಕಾರುಗಳಲ್ಲಿ ಹಿಂದೆ ಅಗ್ಗದ ಅಡ್ಡತೊಲೆ ಮಾತ್ರ ಇರುತ್ತಿದ್ದ ಕಾಲದಲ್ಲಿ ಹಣ ಸುರಿದು ಹಾಕಿದ ವ್ಯವಸ್ಥೆಯಿದು. ತಿರುವಿಗೆ ಮೂತಿ ತಿರುಗಿಸುವಾಗಿನ ಆತುರ, ದೇಹ ವಾಲದಿರುವ ಬಿಗಿ, ಎರಡೂ ಹಳೆಯದನ್ನು ನೆನಪಿಸುತ್ತವೆ. ಸ್ಟೀರಿಂಗಿಗೆ ವಿದ್ಯುತ್ ಪಂಪಿನ ಸಹಾಯವಿರುವುದರಿಂದ ಸುದ್ದಿ ತುಸು ತಡವಾಗಿ ಮುಟ್ಟುತ್ತದೆ, ಆದರೂ ಮುಟ್ಟುತ್ತದೆ. ವೇಷವಷ್ಟೇ ಬೇಕಿದ್ದವರು ಕಣ್ಣಿಗೆ ಬೀಳದ ಈ ಭಾಗಕ್ಕೆ ಇಷ್ಟು ಖರ್ಚು ಮಾಡುತ್ತಿರಲಿಲ್ಲ.

ಗ್ರೀಸ್ ಗನ್:

ಓಡಿಸುವವರ ಮಾತು ಆಯಿತು. ಗಾಡಿಯ ಕೆಳಗೆ ಮಲಗುವವನ ಮಾತನ್ನೂ ಕೇಳಿ.

ಹಳೆಯದರಲ್ಲಿ ಎಂಜಿನಿಗೂ ಗೇರ್‌ಗಳಿಗೂ ಒಂದೇ ಆಯಿಲ್. ಗೇರ್ ಹಲ್ಲುಗಳು ಆ ಆಯಿಲನ್ನು ಅರೆದು ತೆಳುವಾಗಿಸುವುದರಿಂದ 5,000 ಕಿಲೋಮೀಟರಿಗೊಮ್ಮೆ ಬದಲಿಸುವುದು ಕಡ್ಡಾಯ. ಸಂಪಿನ ಡ್ರೈನ್ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದೆ. ಅದನ್ನು ಬಿಚ್ಚಿದಾಗ ಬೂದು ಬಣ್ಣದ ನಯವಾದ ಕೆಸರು ಅಂಟಿಕೊಂಡಿದ್ದರೆ ಚಿಂತೆಯಿಲ್ಲ, ಎರಡು ಬೆರಳ ನಡುವೆ ಉಜ್ಜಿದರೆ ಕಾಡಿಗೆಯಂತೆ ಹರಡುತ್ತದೆ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿತೆಂದರೆ ಯಾವುದೋ ಹಲ್ಲು ಸವೆಯುತ್ತಿದೆ ಎಂದರ್ಥ. ಮುಂದಿನ ಚಕ್ರದ ಕೀಲುಗಳಿಗೆ, ಹಿಂದಿನ ತೋಳುಗಳಿಗೆ ಗ್ರೀಸ್ ನಿಪ್ಪಲ್‌ಗಳಿವೆ. ಹಳೆಯ ಗ್ರೀಸ್ ಅಂಚಿನಿಂದ ಹೊರಬರುವವರೆಗೆ ಹೊಡೆಯಬೇಕು. ವಾಲ್ವ್ ಸಂದು 0.30 ಮಿಲಿಮೀಟರ್. ಇವೆಲ್ಲಕ್ಕೂ ಒಂದು ಚೀಲ ಹಿಡಿಯುವಷ್ಟು ಉಪಕರಣ ಸಾಕು.

ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ವಿಷಯ ನಿಮಗೆ ಗೊತ್ತೇ ಇರುತ್ತದೆ. ಮೊದಲ ಪ್ರಾಯೋಗಿಕ ಕಾರುಗಳಲ್ಲಿ ಎಂಜಿನ್ ಈಗಿನದಕ್ಕೆ ತಿರುಗುಮುರುಗಾಗಿತ್ತು. ಮುಂದಿದ್ದ ಕಾರ್ಬ್ಯುರೇಟರಿನಲ್ಲಿ ಮಂಜು ಕಟ್ಟುತ್ತಿದ್ದುದೂ ಸೇರಿದಂತೆ ಕೆಲವು ಕಾರಣಗಳಿಂದ ಅದನ್ನು ಸುತ್ತು ತಿರುಗಿಸಿದ್ದರಿಂದ ಡಿಸ್ಟ್ರಿಬ್ಯೂಟರು ಜಾಲರಿಯ ಹಿಂದಕ್ಕೇ ಬಂದು ಕುಳಿತು ಮಳೆನೀರಿಗೆ ಮುಖವೊಡ್ಡಿತು. ನಾನೊಮ್ಮೆ ಟ್ಯೂನಿಂಗ್ ಮಾಡಿ ಅದರ ಮುಂದಿನ ಪ್ಲಾಸ್ಟಿಕ್ ಮರೆಯನ್ನು ಮರಳಿ ಹಾಕಲು ಮರೆತು, ಜೋರು ಮಳೆಯಲ್ಲಿ ರಸ್ತೆಯ ನಟ್ಟನಡುವೆ ನಿಂತಿದ್ದೇನೆ. ಕ್ಯಾಪ್ ತೆಗೆದು ಕರವಸ್ತ್ರದಿಂದ ಒರೆಸಿದ ಮೇಲೆ ಮತ್ತೆ ಹೊರಟಿತು. ಹೊಸದು ಹೀಗೆ ನಿಲ್ಲುವುದು ಅಪರೂಪ. ನಿಂತರೆ ಮಾತ್ರ ಕರವಸ್ತ್ರದಿಂದ ಹೊರಡುವುದಿಲ್ಲ, ಸ್ಕ್ಯಾನರ್ ಬೇಕಾಗುತ್ತದೆ.

ಆದರೆ ಎಂಜಿನ್ ನೋಡಿ ಹಳೆಯದನ್ನು ಅಳೆಯಬೇಡಿ. ಅದನ್ನು ಕೊಲ್ಲುವುದು ತುಕ್ಕು. ಬಾಗಿಲ ಕೆಳಗಿನ ಸಿಲ್, ಡಿಕ್ಕಿಯಲ್ಲಿ ಬ್ಯಾಟರಿ ಕೂರುವ ಪೆಟ್ಟಿಗೆ, ಹಿಂದಿನ ಚಕ್ರಗಳ ತೋಳುಗಳನ್ನು ಹೊರುವ ಸಬ್‌ಫ್ರೇಮ್, ಈ ಮೂರನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಟಣ್ ಎಂದರೆ ಉಕ್ಕು, ದಬ್ ಎಂದರೆ ಬಣ್ಣ ಬಳಿದ ತುಕ್ಕು. ನಿರ್ಧಾರಕ್ಕೆ ಮೊದಲು ಇದನ್ನು ಮಾಡಿ ಇಲ್ಲಿ ತಿಳಿಸಿ.

ಹಿಂದಿನ ಸೀಟು:

ನಾನು ಕಾರು ಬಿಚ್ಚಿದವಳೂ ಅಲ್ಲ, ರ್‍ಯಾಲಿ ನೋಡಿದವಳೂ ಅಲ್ಲ. ಆದರೂ ಒಂದು ಮಾತು ಕೇಳಬೇಕೆನಿಸಿತು. ಎರಡು ಕೀಲಿಕೈ ಅವರೇ, ಆ ಹಿಂದಿನ ಸೀಟಿನಲ್ಲಿ ನಿಮ್ಮ ಮೊಣಕಾಲು ಅಳೆದಿರಿ. ದಿನವೂ ಅಲ್ಲಿ ಕೂರುವವರು ಯಾರು?

ಎರಡು ಕೀಲಿಕೈ:

ಮಗಳು ಕೂರುತ್ತಾಳೆ, ಅವಳಿಗೆ ಒಂಬತ್ತು ವರ್ಷ. ಶಾಲೆಗೆ ಹೊಸದರಲ್ಲೇ ಕರೆದೊಯ್ಯುತ್ತೇನೆ. ರಜೆಯ ದಿನ ಹಳೆಯದರಲ್ಲಿ ಹೋಗೋಣವೆಂದು ಅವಳೇ ಹಟ ಮಾಡುತ್ತಾಳೆ. ಹಳೆಯದರ ಹಿಂದಿನ ಸೀಟಿಗೆ ಬೆಲ್ಟ್ ಇರಲಿಲ್ಲ, ನಾನು ಆಮೇಲೆ ಹಾಕಿಸಿದ್ದೇನೆ.

ಅಡಿಪಟ್ಟಿ:

ಹಿಂದಿನ ಸೀಟು ಅವರು ಕೇಳಿದ್ದೇ ಈ ಚರ್ಚೆಯ ಮುಖ್ಯ ಪ್ರಶ್ನೆ ಎಂದು ನನಗೆ ಅನಿಸುತ್ತದೆ. ಯಾರನ್ನೂ ಹೆದರಿಸುವ ಉದ್ದೇಶವಿಲ್ಲ, ಲೆಕ್ಕವನ್ನಷ್ಟೇ ಇಡುತ್ತೇನೆ.

ನಿಮ್ಮ ಎರಡು ಕಾರುಗಳೇ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮುಖಾಮುಖಿ ಡಿಕ್ಕಿಯಾಗಿ ಒಂದಕ್ಕೊಂದು ಕಚ್ಚಿಕೊಂಡವು ಎಂದಿಟ್ಟುಕೊಳ್ಳಿ. ಒಂದು 640 ಕಿಲೋ, ಇನ್ನೊಂದು 1,100. ಡಿಕ್ಕಿಯಾದ ಮರುಗಳಿಗೆ ಎರಡೂ ಸೇರಿ ಭಾರದ ಕಾರು ಹೋಗುತ್ತಿದ್ದ ದಿಕ್ಕಿಗೆ ಸುಮಾರು 13 ಕಿಲೋಮೀಟರ್ ವೇಗದಲ್ಲಿ ಜಾರುತ್ತವೆ. ಅಂದರೆ ಹೊಸದರಲ್ಲಿ ಕುಳಿತವರ ವೇಗದಲ್ಲಾದ ಬದಲಾವಣೆ 37 ಕಿಲೋಮೀಟರ್, ಹಳೆಯದರಲ್ಲಿ ಕುಳಿತವರದು 63. ಇದು ಬರಿಯ ತೂಕದಿಂದ ಬಂದ ವ್ಯತ್ಯಾಸ.

ಇನ್ನು ಮೂತಿಯ ವಿಷಯ. 50 ಕಿಲೋಮೀಟರ್ ವೇಗದಿಂದ ಅರ್ಧ ಮೀಟರಿನೊಳಗೆ ನಿಂತರೆ ದೇಹದ ಮೇಲೆ ಬೀಳುವ ಸರಾಸರಿ ಹೊರೆ ಗುರುತ್ವದ 20 ಪಟ್ಟು. ಕಾಲು ಮೀಟರಿನೊಳಗೆ ನಿಂತರೆ ಅದು 40 ಪಟ್ಟಿನ ಹತ್ತಿರ ಬರುತ್ತದೆ. ಹೊಸ ಕಾರಿನ ಮೂತಿ ಮಡಚಿಕೊಳ್ಳುತ್ತ ಆ ಅಂತರವನ್ನು ಗಳಿಸಿಕೊಡುತ್ತದೆ, ಒಳಗಿನ ಪಂಜರ ಆಕಾರ ಕಳೆದುಕೊಳ್ಳುವುದಿಲ್ಲ. ಹಳೆಯದರಲ್ಲಿ ಅಂಥ ಏರ್ಪಾಡೇ ಇಲ್ಲ, ಮೇಲಾಗಿ ಪೆಟ್ರೋಲ್ ಟ್ಯಾಂಕು ಡಿಕ್ಕಿಯಲ್ಲಿದೆ. ಹೊಸದು ಯುರೋಪಿನ ಕಾರು ಸುರಕ್ಷತಾ ಸಂಸ್ಥೆ ಯುರೋ ಎನ್‌ಕ್ಯಾಪ್ 2002ರಲ್ಲಿ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ಹಳೆಯದಕ್ಕೆ ಚಾಲಕನ ಏರ್‌ಬ್ಯಾಗ್, ಬಾಗಿಲಿನ ದೂಲ ಬಂದದ್ದು 1996ರಲ್ಲಿ, ಅದರ ಆಯಸ್ಸಿಗೆ ಇನ್ನು ನಾಲ್ಕು ವರ್ಷ ಉಳಿದಿದ್ದಾಗ. ನಿಮ್ಮದು 1978ರದು.

ಹಳೆಯದರ ಪರವಾಗಿ ಒಂದು ಮಾತು ನಿಜ: ಕಂಬಗಳು ತೆಳುವಾಗಿರುವುದರಿಂದ ಸುತ್ತಲೂ ಚೆನ್ನಾಗಿ ಕಾಣಿಸುತ್ತದೆ, ಅಪಾಯವನ್ನು ಬೇಗ ಗುರುತಿಸಬಹುದು. ಆದರೆ ಎದುರಿನವರು ನಮ್ಮನ್ನು ಗುರುತಿಸುವುದು ನಮ್ಮ ಕೈಯಲ್ಲಿಲ್ಲ.

ಚೋಕ್ ಎಳೆದವನು:

ಲೆಕ್ಕಕ್ಕೆ ಎದುರು ಹೇಳಲಾರೆ. ನನ್ನ ಹಳೆಯದರಲ್ಲಿ ನಾನೊಬ್ಬನೇ ಓಡಾಡುವುದು, ಅದೂ ಬೆಳಗಿನ ಜಾವ ರಸ್ತೆ ಖಾಲಿಯಿರುವಾಗ. ಮಗುವಿನ ಮಾತು ಮೊದಲೇ ಗೊತ್ತಿದ್ದರೆ ‘ಬಿಡಬೇಡಿ’ ಎಂದು ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಆದರೂ ಒಂದನ್ನು ಸೇರಿಸುತ್ತೇನೆ. ಹಗುರವಾಗಿದ್ದ ಕಾರಣಕ್ಕೆ ಹಳೆಯದು 1959ರಲ್ಲೇ ಲೀಟರಿಗೆ ಸುಮಾರು 14 ಕಿಲೋಮೀಟರ್ ಕೊಡುತ್ತಿತ್ತು. ನಾಲ್ಕು ದಶಕಗಳ ಎಂಜಿನ್ ವಿಜ್ಞಾನವೆಲ್ಲ ಸೇರಿದ ಮೇಲೂ ಹೊಸದು ಕೊಡುವುದು ಹೆಚ್ಚುಕಡಿಮೆ ಅಷ್ಟೇ. ಗಳಿಸಿದ್ದನ್ನೆಲ್ಲ ತೂಕ ನುಂಗಿದೆ.

ನಾಲ್ಕನೇ ಗೇರ್:

ಶಕ್ತಿ ಮೂರು ಪಟ್ಟಿಗಿಂತ ಹೆಚ್ಚಾಗಿದ್ದನ್ನೂ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹಳೆಯದರ ಹಿಂದೆ ಸಿಗ್ನಲ್ಲಿನಲ್ಲಿ ನಿಂತವರಿಗೆ ಇದರ ಅರ್ಥ ಮೂಗಿಗೇ ತಿಳಿಯುತ್ತದೆ.

ಎರಡು ಕೀಲಿಕೈ:

ಗ್ರೀಸ್ ಗನ್ ಅವರು ಹೇಳಿದಂತೆ ತಟ್ಟಿ ನೋಡಿದೆ. ಸಬ್‌ಫ್ರೇಮ್ ಟಣ್ ಎಂದಿತು, ಬ್ಯಾಟರಿ ಪೆಟ್ಟಿಗೆಯೂ ಗಟ್ಟಿಯಾಗಿದೆ. ಎಡಗಡೆಯ ಸಿಲ್ ಮಾತ್ರ ಹಿಂದಿನ ತುದಿಯಲ್ಲಿ ದಬ್ ಎಂದಿತು. ಎರಡನೇ ಸಲ ತುಸು ಜೋರಾಗಿ ತಟ್ಟಿದಾಗ ಬಣ್ಣದ ಚಕ್ಕೆ ಉದುರಿ ಕಿರುಬೆರಳು ತೂರುವಷ್ಟು ತೂತು ಕಾಣಿಸಿತು.

ಹೊಸದನ್ನು ಉಳಿಸಿಕೊಳ್ಳಲು ನಿರ್ಧರಿಸಿದ್ದೇನೆ. ತೂತಿಗಿಂತ ಅಡಿಪಟ್ಟಿಯವರ 37 ಮತ್ತು 63 ಎಂಬ ಎರಡು ಅಂಕಿಗಳೇ ಅದಕ್ಕೆ ಕಾರಣ. ಹಳೆಯದು ನನ್ನ ತಮ್ಮನಿಗೆ ಹೋಗುತ್ತದೆ. ಅವನಿಗೆ ಮಳೆ ತಾಗದ ಶೆಡ್ ಇದೆ, ವೆಲ್ಡಿಂಗ್ ಬರುತ್ತದೆ, ಜೊತೆಯಲ್ಲಿ ಕರೆದೊಯ್ಯಲು ಮಕ್ಕಳಿಲ್ಲ. ಮಗಳಿಗೆ ಹೇಳಿದಾಗ ಅವಳು ಕೇಳಿದ್ದು, ಚಿಕ್ಕಪ್ಪನ ಮನೆಯಲ್ಲಿ ಅದನ್ನು ತೊಳೆಯಲು ಬಿಡುತ್ತಾರೋ ಇಲ್ಲವೋ ಎಂದಷ್ಟೇ.

ಕೊಡುವ ಮುಂಚೆ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಸಂದು ಸರಿಪಡಿಸುವ ಕೆಲಸ, ನಾನೇ ಮಾಡಬೇಕೆಂದಿದ್ದೇನೆ, ಎಂಜಿನ್ ಮೇಲಿನಿಂದ ಟಿಕ್ ಟಿಕ್ ಶಬ್ದ ಬರುತ್ತಿದೆ. ಯಾವ ವಾಲ್ವನ್ನು ಯಾವಾಗ ಸರಿಪಡಿಸಬೇಕೆಂಬುದು ಪ್ರತಿ ಸಲವೂ ಮರೆತುಹೋಗುತ್ತದೆ.

ಗ್ರೀಸ್ ಗನ್:

ಒಂಬತ್ತರ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಒಟ್ಟು ಎಂಟು ವಾಲ್ವ್. ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಆಗ ಸರಿಪಡಿಸಬೇಕಾದ ವಾಲ್ವ್ ಸಿಗುತ್ತದೆ. ಎಂಟನೆಯದು ತೆರೆದಿದ್ದರೆ ಒಂದನೆಯದು, ಆರನೆಯದು ತೆರೆದಿದ್ದರೆ ಮೂರನೆಯದು. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ನೂಕಿದರೆ ಎಂಜಿನ್ ಬೇಕಾದಷ್ಟೇ ತಿರುಗುತ್ತದೆ. ಸಂದು ಅಳೆಯುವ ತೆಳು ಲೋಹದ ಎಲೆ, ಅಂದರೆ ಫೀಲರ್ ಗೇಜ್, ಸಂದಿನಲ್ಲಿ ಜಾರಬೇಕು, ಆದರೆ ಬೆಣ್ಣೆಯಲ್ಲಿ ಜಾರಿದಂತಲ್ಲ; ಪುಸ್ತಕದ ಹಾಳೆಗಳ ನಡುವಿನಿಂದ ಕಾಗದ ಎಳೆದಷ್ಟು ತಡೆ ಇರಬೇಕು.

ಎರಡು ಕೀಲಿಕೈ:

ಇವತ್ತು ಬೆಳಿಗ್ಗೆ ಮುಗಿಸಿದೆ. ನೂಕುವ ಕೆಲಸ ಮಗಳದು, ಗೇಜ್ ಹಿಡಿಯುವುದು ನನ್ನದು, ಒಂಬತ್ತರಿಂದ ಕಳೆಯುವ ಲೆಕ್ಕವೂ ಅವಳದೇ. ಎರಡನೇ ವಾಲ್ವ್ ತೆರೆದಾಗ ಏಳನೆಯದರ ಸಂದಿನಲ್ಲಿ ಗೇಜಿನ ಎರಡು ಎಲೆಗಳು ಒಟ್ಟಿಗೇ ತೂರಿದವು. ಟಿಕ್ ಟಿಕ್ ಅಲ್ಲಿಂದಲೇ ಬರುತ್ತಿತ್ತು. ತಮ್ಮ ಭಾನುವಾರ ಬರುತ್ತಾನೆ.